ಬ್ಯಾರೋಮೀಟರಿನ ಹಿಂದಿನ ತಿರುಪು

ರೋಲರುಗಳ ಮೇಲೆ ನಿಂತಲ್ಲೇ ಓಡುತ್ತಿದ್ದ ಕಾರಿನ ಹಿಂಬದಿಯಿಂದ ಕಪ್ಪು ಹೊಗೆ ನುಗ್ಗಿ ಶೆಡ್ಡಿನ ಗೋಡೆಗೆ ಬಡಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದು ಟರ್ಬೊ ಹಾಕಿದ ಪೆಟ್ರೋಲ್ ಕಾರು. ಹಾಗೆ ಹೊಗೆಯುಗುಳಬಾರದು. ಅದಕ್ಕೆ ಎಷ್ಟು ಪೆಟ್ರೋಲ್ ಬೇಕೆಂಬ ಲೆಕ್ಕವನ್ನೆಲ್ಲ ಮಾಡಿದವನು ನಾನೇ.

ಇದು ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ವರ್ಷದ ಬಗ್ಗೆ ಈಗ ಆಣೆ ಮಾಡಿ ಹೇಳಲಾರೆ. ಪುಣೆಯಿಂದ ರಾಂಜಣಗಾಂವಕ್ಕೆ ಹೋಗುವ ದಾರಿಯಲ್ಲಿ, ಕಾರಿನ ಎಂಜಿನ್ನುಗಳನ್ನು ಪರೀಕ್ಷಿಸಿ ಹೊಂದಿಸುವ ನಮ್ಮ ಶೆಡ್ಡು. ನಾವು ಮೂವರು: ಮರಾಠಿ ಮಾತಾಡುವ ಮಾಲಕರು, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಯಾವ ಕೆಲಸದಲ್ಲೂ ಎರಡು ವರ್ಷ ನಿಲ್ಲದ ನಾನು, ಕಲಬುರಗಿ ಕಡೆಯ ಒಬ್ಬ ಮೆಕ್ಯಾನಿಕ್. ವಯಸ್ಸಿನಲ್ಲಿ ಅವರು ನನಗಿಂತ ಹತ್ತು ವರ್ಷ ದೊಡ್ಡವರು.

ಟರ್ಬೊ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಎಷ್ಟು ಒತ್ತಿದೆ ಎಂದು ಬೆರಳುದ್ದದ ಒಂದು ಸೆನ್ಸರ್ ಹೇಳುತ್ತದೆ, ಅದನ್ನು ನಂಬಿ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಸೆನ್ಸರ್ ಹೆಚ್ಚು ಹೇಳಿದರೆ ಪೆಟ್ರೋಲೂ ಹೆಚ್ಚು, ಹೊಗೆಯೂ ಹೆಚ್ಚು. ಅದನ್ನು ಸರಿಹೊಂದಿಸುವ ಮೊದಲ ಹೆಜ್ಜೆ ಸುಲಭ. ಎಂಜಿನ್ ನಿಂತಿರುವಾಗ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು.

ಆ ಬೆಳಿಗ್ಗೆ ಮೆಕ್ಯಾನಿಕ್ ಸೆನ್ಸರ್ ಓದಿ ಹೇಳಿದ್ದು 948 ಮಿಲಿಬಾರ್. ಹೊರಗಿನ ಗಾಳಿಯ ಒತ್ತಡ ತೋರಿಸುವ, ಗೋಡೆಯ ಮೇಲಿನ ಬ್ಯಾರೋಮೀಟರ್ 1012 ಎನ್ನುತ್ತಿತ್ತು. ಸೆನ್ಸರ್ ಅರವತ್ತನಾಲ್ಕು ಕಡಿಮೆ ಹೇಳುತ್ತಿದೆ ಎಂದುಕೊಂಡು ಅಷ್ಟನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದೆ. ಆಮೇಲೆ ಬಂದದ್ದು ಈ ಹೊಗೆ. ನನ್ನ ಲೆಕ್ಕ ಸರಿ ಇದ್ದರೆ ಮುಂದಿನ ಹೆಜ್ಜೆಯಲ್ಲಿ ಕೈಪಂಪಿನಿಂದ ಸೆನ್ಸರಿಗೆ ಗಾಳಿ ಒತ್ತಿ ಮೆಕ್ಯಾನಿಕ್ ಓದಿಕೊಂಡ ಅಂಕಿಗಳು ತಪ್ಪಿರಬೇಕು. ಹಾಗೆಂದು ಮಾಲಕರಿಗೆ ಬರೆದುಕೊಟ್ಟೆ. ಅವರು ಓದಿ, ನಾಳೆಯಿಂದ ಮೆಕ್ಯಾನಿಕ್ ಬರುವುದು ಬೇಡ ಎಂದರು.

ಸುದ್ದಿ ಕೇಳಿದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ.

"ಸರ, ಪುಣೇದಾಗ ಸಮುದ್ರ ಎಲ್ಲಿ ಅದ್ರೀ?"

"ಏನು?"

"ನಾ ಮುಂಬೈದಾಗ ಮೂರು ವರ್ಷ ಇದ ಕೆಲಸಾ ಮಾಡೀನ್ರಿ. ಅಲ್ಲಿ ಎಂಜಿನ್ ಬಂದ್ ಇದ್ದಾಗ ಸಾವಿರದ ಹತ್ತು ತೋರಸ್ತಿತ್ತು. ಅದ ಗಾಡಿ ಘಾಟ್ ಹತ್ತಿಸಿ ಇಲ್ಲಿಗೆ ತಂದ್ರ ಒಂಬೈನೂರಾ ಐವತ್ತು. ಮ್ಯಾಲ ಬಂದ್ವಿ ಅಂದ್ರ ಗಾಳಿ ಕಮ್ಮಿ ಆಗ್ತದ. ನೀವು ಭಾಳ ಓದಿದವ್ರು, ನಿಮಗ ನಾ ಏನು ಹೇಳ್ಲಿ?"

ಇದು ಒಂಬತ್ತನೇ ತರಗತಿಯ ಪಾಠ. ಆದರೂ ಬಿಡಲಿಲ್ಲ. "ಹಾಗಾದರೆ ಬ್ಯಾರೋಮೀಟರ್ ಯಾಕೆ 1012 ತೋರಿಸುತ್ತದೆ? ಅದೂ ಇದೇ ಶೆಡ್ಡಿನಲ್ಲೇ ಇದೆಯಲ್ಲ?"

"ಅದಕ್ಕ ಸುಳ್ಳು ಕಲಿಸಿದವ್ರು ನೀವರೀ."

"ನಾನಾ? ನಾನು ಅದನ್ನು ಮುಟ್ಟಿಯೂ ಇಲ್ಲ."

"ಮುಟ್ಟೀರಿ. ಮಳಿ ಬಿಟ್ಟ ದಿನ. ಪೇಪರ್ ಕೈಯಾಗ ಹಿಡ್ಕೊಂಡು ಬಂದ್ರಿ, ಇದು ಪೇಪರಿನಕಿಂತ ಕಮ್ಮಿ ತೋರಸ್ತದ ಅಂದ್ರಿ. ನನ್ನ ಹಳದಿ ಸ್ಕ್ರೂಡ್ರೈವರ್ ಇಸ್ಕೊಂಡು ಹಿಂದಿನ ತಿರುಪು ತಿರುವಿದ್ರಿ."

ಪತ್ರಿಕೆಯ ಹವಾಮಾನದ ಅಂಕಣದಲ್ಲಿ ಬರುವುದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ. ಎಲ್ಲ ಊರುಗಳನ್ನೂ ಹೋಲಿಸಲು ಹಾಗೆ ಮಾಡುತ್ತಾರೆ. ಅದು ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಗೊತ್ತಿದ್ದವನು ಹಾಗೆ ಮಾಡುವುದುಂಟೇ? ಈ ಮನುಷ್ಯ ಕೆಲಸ ಉಳಿಸಿಕೊಳ್ಳಲು ಕತೆ ಕಟ್ಟುತ್ತಿದ್ದಾರೆ ಎಂದೇ ತಿಳಿದೆ.

ನಮ್ಮ ಶೆಡ್ಡಿನಲ್ಲಿ ಮಾಲಕರದೊಂದು ಕಟ್ಟಳೆ ಇತ್ತು. ಯಾವ ಉಪಕರಣ ಮುಟ್ಟಿದರೂ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಮೆಕ್ಯಾನಿಕ್ ಆ ಪುಸ್ತಕ ತಂದು, ಎಣ್ಣೆಯ ಬೆರಳು ತಾಗದಂತೆ ಉಗುರಿನಿಂದ ಹಾಳೆ ತಿರುವಿ ನನ್ನ ಮುಂದಿಟ್ಟರು.

"ಬ್ಯಾರೋಮೀಟರ್ ಅನ್ನು ಪತ್ರಿಕೆಯ ಅಂಕಿಗೆ ಹೊಂದಿಸಲಾಗಿದೆ." ಕೆಳಗೆ ನನ್ನ ಸಹಿ. ಅಕ್ಷರವೂ ನನ್ನದೇ.

ನಾನು ಮೂರು ಸಲ ಓದಿದೆ. ಬರೆದದ್ದಾಗಲಿ ತಿರುಪು ತಿರುಗಿಸಿದ್ದಾಗಲಿ ಎಳ್ಳಷ್ಟೂ ನೆನಪಾಗಲಿಲ್ಲ. ಮರೆತದ್ದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಒಂದು ಗಳಿಗೆಯ ಹಿಂದೆ "ಮುಟ್ಟಿಯೂ ಇಲ್ಲ" ಎಂದಾಗ ನಾನು ಸುಳ್ಳು ಹೇಳಿರಲಿಲ್ಲ. ದೇವರನ್ನು ನಂಬದ, ಜಾತಕವನ್ನು ನಂಬದ, ಯಾರು ಏನೇ ಹೇಳಿದರೂ ಪುರಾವೆ ಕೇಳುವ ನಾನು, ನನ್ನ ತಲೆಯಿಂದ ಮಾತ್ರ ಒಂದು ದಿನವೂ ಪುರಾವೆ ಕೇಳಿರಲಿಲ್ಲ.

ಪುಸ್ತಕ ಹಿಡಿದುಕೊಂಡು ಮಾಲಕರ ಕೋಣೆಗೆ ಹೋದೆ. ತಪ್ಪು ನನ್ನದು, ಆ ವರದಿ ಹರಿದುಹಾಕಿ ಎಂದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ದಿಟ್ಟಿಸಿದರು.

"ಮಗ ಕಾಢೂ ಕುಣಾಲಾ?" ಹಾಗಾದರೆ ತೆಗೆಯಲಿ ಯಾರನ್ನು?

"ನನ್ನನ್ನು" ಎನ್ನಬೇಕಿತ್ತು. ಅಂದೆನೋ ಇಲ್ಲವೋ, ಅದೂ ಈಗ ಖಾತ್ರಿಯಿಲ್ಲ. ಅವರು ವರದಿಯನ್ನು ಹರಿಯದೆ, ಅದರ ಕೆಳಗೇ "ತಪ್ಪು ನನ್ನದು" ಎಂದು ಬರೆಸಿ ಸಹಿ ಹಾಕಿಸಿಕೊಂಡದ್ದು ನಿಜ. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ಆ ಹಾಳೆ ಮಾತ್ರ ಬಹಳ ದಿನ ಅವರ ಮೇಜಿನ ಗಾಜಿನಡಿ ಇತ್ತು.

ಮಧ್ಯಾಹ್ನ ಕೂಡಿಸಿದ ಅರವತ್ತನಾಲ್ಕನ್ನು ತೆಗೆದು ಕಾರನ್ನು ಮತ್ತೆ ಓಡಿಸಿದೆವು. ಹೊಗೆ ಇರಲಿಲ್ಲ. ನಾನು ಬ್ಯಾರೋಮೀಟರ್ ಇಳಿಸಿ ಸ್ಕ್ರೂಡ್ರೈವರಿಗೆ ಕೈ ಚಾಚಿದರೆ ಮೆಕ್ಯಾನಿಕ್ ಕೊಡಲಿಲ್ಲ. ತಿರುಪನ್ನು ತಾವೇ ತಿರುಗಿಸಿ ಮುಳ್ಳನ್ನು 948ಕ್ಕೆ ತಂದರು.

ಮರುದಿನ ಬೆಳಿಗ್ಗೆ ಎಂದಿನಂತೆ ಬಂದರು. ಬುತ್ತಿ ಡಬ್ಬಿಯನ್ನು ಮೊಳೆಗೆ ತೂಗುಹಾಕಿ, ಕೆಂಪು ಪುಸ್ತಕ ತೆರೆದು, ಪೆನ್ನು ಹಿಡಿದು ನಿಂತರು.

"ಇವತ್ತ ಬ್ಯಾರೋಮೀಟರ್ ಎಷ್ಟ್ರೀ ಸರ?"

"ನಾನು ಹೇಳುವುದಿಲ್ಲ. ನೀವೇ ಬಂದು ನೋಡಿ."

"ನೀವೂ ನೋಡ್ರಿ. ಇಬ್ಬರೂ ನೋಡೂಣು," ಎಂದು ಬ್ಯಾರೋಮೀಟರಿನ ಮುಂದೆ ಬಂದು, ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿದರು.