ಖಾಲಾನ ಕೊರಳಿನ ಚಿತ್ರ

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಹೋಗಿ ನೋಡಿದರೆ ನಾಹಿದಾ ಬ್ಯಾಗು ಹೆಗಲಿಗೇರಿಸಿ ನಿಂತಿರುತ್ತಾಳೆ. ಲಿಂಗಸುಗೂರಿನ ಬಸ್ಸು ಮೊದಲು ಬಂದರೆ ಅತ್ತ, ಸಿಂಧನೂರಿನದು ಬಂದರೆ ಇತ್ತ. ಈ ಮೂರೂ ಊರುಗಳ ದವಾಖಾನೆ, ಅಡತಿ ಅಂಗಡಿ, ಛಾಪಖಾನೆಗಳ ಕಂಪ್ಯೂಟರು ಮುನಿಸಿಕೊಂಡರೆ ಜನ ಕರೆಯುವುದು ಈಕೆಯನ್ನೇ. ತಂದೆ ಗೌಸ್‌ಸಾಬ್ ನಮ್ಮ ಓಣಿಯಲ್ಲೇ ರೇಡಿಯೊ ರಿಪೇರಿ ಮಾಡುತ್ತಿದ್ದ. ‘ಕೆಟ್ಟ ರೇಡಿಯೊ ಕೈಗೆ ಬಂದ ಕೂಡಲೇ ಬಿಚ್ಚಬ್ಯಾಡ ಬೇಟಿ, ಅದು ಏನಂತದ ಅಂತ ಮೊದ್ಲ ಕೇಳು’ ಎನ್ನುತ್ತಿದ್ದ. ಅವನು ಮಣ್ಣಿಗೆ ಹೋದ ಮೇಲೆ ಆ ಕಿವಿಯೊಂದು ಮಗಳಿಗೆ ಉಳಿಯಿತು.

ಆಕೆಯ ಮುಖ್ಯ ಕೆಲಸ ಬ್ಯಾಕಪ್ಪು. ಮನೆಯ ಕಾಳು ತೀರಿದರೂ ನೆಲದೊಳಗಿನ ಹಗೇವಿನಲ್ಲಿ ಇರಲಿ ಎಂದು ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದರಲ್ಲ, ಹಾಗೆ ಕಂಪ್ಯೂಟರಿನೊಳಗಿನದನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿಡುವುದು. ನಕಲು ಮಾಡುವ ತಂತ್ರಾಂಶ ತಾನು ಮಾಡಿದ್ದನ್ನು ತಾನೇ ಬರೆದಿಡುತ್ತದೆ. ಅದಕ್ಕೆ ಲಾಗು ಎಂದು ಹೆಸರು. ಚುಟುಕಾಗಿ ಬರೆ ಎಂದರೆ ‘ಕೆಲಸ ಮುಗಿಯಿತು’ ಎಂದು ಒಂದೇ ಮಾತು ಬರೆದು ಸುಮ್ಮನಾಗುತ್ತದೆ. ವಿವರವಾಗಿ ಬರೆ ಎಂದರೆ ಯಾವುದನ್ನು ಎಲ್ಲಿಂದ ಎಲ್ಲಿಗೆ ಒಯ್ದೆ, ಎಲ್ಲಿ ಎಡವಿದೆ ಎಂದು ಹರಿಕಥೆಯನ್ನೇ ಬಿಚ್ಚುತ್ತದೆ. ಹರಿಕಥೆಗೆ ಜಾಗ ಬಹಳ ಬೇಕು.

ಈ ಬೇಸಿಗೆಯಲ್ಲಿ ಸಿಂಧನೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರಿನಲ್ಲಿ ಚಿತ್ರಗಳಿದ್ದ ಡಿಸ್ಕು ಕರೆಂಟಿನ ಏರಿಳಿತಕ್ಕೆ ಸುಟ್ಟುಹೋಯಿತು. ಅದರ ಮಾಲೀಕರು ಗುರುಬಸವ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಅವರು ಗಾಬರಿಯಾಗಲಿಲ್ಲ. ಮೇಜಿನ ಮೇಲೆ ಬ್ಯಾಕಪ್ಪಿನ ಹಾರ್ಡ್‌ಡಿಸ್ಕು ಇತ್ತಲ್ಲ. ನಾಹಿದಾ ಬಂದು ಅದನ್ನು ತೆರೆದಳು. ದೀಪಾವಳಿಯ ತನಕದ ಚಿತ್ರಗಳಿದ್ದವು. ಆಮೇಲಿನದು ಒಂದೂ ಇರಲಿಲ್ಲ.

ಆಕೆ ಡಿಸ್ಕನ್ನೆಲ್ಲ ಮೊದಲಿಂದ ಇನ್ನೊಮ್ಮೆ ಹುಡುಕಿದಳು. ಕಾರಣ ಬರೀ ಕೆಲಸವಲ್ಲ. ಆಕೆಯ ಖಾಲಾ, ಅಂದರೆ ತಾಯಿಯ ಅಕ್ಕ ಮಾಸುಂಬಿ, ತುರ್ವಿಹಾಳದಲ್ಲಿ ಬಳೆ ಮಾರುವ ಹೆಂಗಸು. ಚಳಿಗಾಲದಲ್ಲಿ ಆಕೆಯ ಕೊರಳಿನಲ್ಲಿ ಗಂಟೊಂದು ಕಂಡಾಗ ನಾಹಿದಾಳೇ ಕರೆತಂದು ಇದೇ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿದ್ದಳು. ವರದಿಯಲ್ಲಿ ‘ಸಣ್ಣ ಗಂಟು’ ಎಂದಷ್ಟೇ ಇತ್ತು. ಜೊತೆಗೆ ಕೊಟ್ಟ ಕಾಗದದ ಚಿತ್ರ ತಗಡಿನ ಮನೆಯ ಬಿಸಿಗೆ ಕರ್ರಗಾಗಿ ಕೂತಿತ್ತು. ಈಗ ರಾಯಚೂರಿನ ವೈದ್ಯರು ಹೊಸ ಸ್ಕ್ಯಾನ್ ನೋಡಿ, ‘ಹಳೇ ಚಿತ್ರ ತನ್ನಿ. ಗಂಟು ಬೆಳೆದಿದ್ದರೆ ಕೂಡಲೇ ಆಪರೇಷನ್. ಇದ್ದಷ್ಟೇ ಇದ್ದರೆ ಕಾಯಬಹುದು’ ಎಂದಿದ್ದರು. ಕೊರಳಿನ ಆಪರೇಷನ್, ಧ್ವನಿ ಹೋಗಲೂಬಹುದು ಎಂದೂ ಹೇಳಿದ್ದರು. ಓಣಿಯ ಆ ತುದಿಯಲ್ಲಿ ‘ಬಳೀ’ ಎಂದು ಕೂಗಿದರೆ ಈ ತುದಿಯ ಸೊಸೆಯಂದಿರು ಹೊರಬರುವಂಥ ಧ್ವನಿ ಆಕೆಯದು. ಅದೇ ಆಕೆಯ ಅಂಗಡಿ.

“ಸುಮ್ಮನ ಕೊಯ್ಯಿಸಿಕೊಳ್ಳಾಕ ನಾ ಏನು ಕುಂಬಳಕಾಯೇನು?” ಎಂದಿದ್ದಳು ಮಾಸುಂಬಿ. “ಬೆಳದೈತಿ ಅಂತ ಕಣ್ಣಿಗೆ ತೋರಸ್ರಿ, ಕೊರಳು ಕೊಡತೀನಿ. ಇಲ್ಲಂದ್ರ ಇಲ್ಲ.”

ನಾಹಿದಾ ಸೆಂಟರಿನ ಕಂಪ್ಯೂಟರಿನಲ್ಲಿ ಲಾಗು ತೆಗೆದಳು. ತಂತ್ರಾಂಶ ಇದ್ದ ಡಿಸ್ಕು ಬೇರೆ, ಅದು ಉಳಿದಿತ್ತು. ದಿನವೂ ಮಧ್ಯಾಹ್ನದ ಊಟದ ಹೊತ್ತಿಗೆ ಒಂದೇ ಮಾತು: ಕೆಲಸ ಮುಗಿಯಿತು, ಕೆಲಸ ಮುಗಿಯಿತು. ಚುಟುಕಾಗಿ ಬರೆ ಎಂದು ಕಟ್ಟು ಹಾಕಿದವಳು ಆಕೆಯೇ. ಹಳೆಯ ಕಂಪ್ಯೂಟರು, ಲಾಗೇ ಜಾಗ ತುಂಬಿ ಉಸಿರು ಕಟ್ಟುತ್ತಿದೆ ಎಂದು ಕಳೆದ ವರ್ಷ ಹಾಗೆ ಮಾಡಿದ್ದಳು.

ಸ್ವಾಗತದ ಮೇಜಿನಲ್ಲಿದ್ದ ಭಾಗ್ಯಶ್ರೀ ಬಿಡಲಿಲ್ಲ. “ಏನಬೇ ನಾಹಿದಾ, ದಿನಾ ಹಸರು ಟಿಕ್ಕು ಬೀಳತೈತಿ, ಎಲ್ಲಾ ಬರೋಬ್ಬರಿ ಐತಿ ಅಂತ ನೀನ ಹೇಳಿ ಹೋಗತಿದ್ದಿಲ್ಲ? ಪೇಶಂಟು ಬಂದ್ರ ಈಗ ಆ ಟಿಕ್ಕು ಕೊಟ್ಟು ಕಳಸಲೇನು?”

ನಾಹಿದಾ ತಂತ್ರಾಂಶದ ಕಂಪನಿಗೆ ಫೋನು ಹಚ್ಚಿದಳು. ಆ ಕಡೆಯವನು ಹಿಂದಿಯಲ್ಲಿ, ಈ ಲಾಗಿನಿಂದ ಏನೂ ತಿಳಿಯುವುದಿಲ್ಲ, ವಿವರದ ಲಾಗು ಹಚ್ಚಿ, ಕೆಲಸವನ್ನು ಮತ್ತೆ ಓಡಿಸಿ, ಬಂದದ್ದನ್ನೆಲ್ಲ ಒಂದೇ ಗಂಟು ಕಟ್ಟಿ ಕಳಿಸಿ ಎಂದ. ಆಕೆ ಹಾಗೇ ಮಾಡಿದಳು. ಚಿತ್ರಗಳಿಗೆಂದು ಹೊಸ ಡಿಸ್ಕು ಕೂಡಿಸಿ, ಒಂದೆರಡು ಚಿತ್ರ ಹಾಕಿ ಓಡಿಸಿದಳು. ಈ ಸಲ ಲಾಗು ಬಾಯಿ ಬಿಟ್ಟಿತು. ‘ಇ’ ಎಂಬ ಜಾಗಕ್ಕೆ ಒಯ್ಯಬೇಕಿತ್ತು, ಅಂಥ ಜಾಗ ಇಲ್ಲ, ಬಿಟ್ಟೆ, ಕೆಲಸ ಮುಗಿಯಿತು.

ಕಂಪ್ಯೂಟರು ತನಗೆ ಅಂಟಿಸಿದ ಪ್ರತಿಯೊಂದಕ್ಕೂ ಒಂದೊಂದು ಅಕ್ಷರ ಕೊಡುತ್ತದೆ, ಮನೆಗೆ ನಂಬರು ಕೊಟ್ಟಂತೆ. ಹಾರ್ಡ್‌ಡಿಸ್ಕು ಮೊದಲು ‘ಇ’ ಆಗಿತ್ತು. ಈಗ ಅದರ ನಂಬರು ‘ಎಫ್’. ಹಾಗಾದರೆ ದೀಪಾವಳಿಯಲ್ಲಿ ಅದರ ಮನೆಗೆ ಬಂದು ಹೊಕ್ಕವರು ಯಾರು?

“ಗುರುಬಸವಣ್ಣಾರ, ದೀಪಾವಳಿ ಅಮಾಸಿ ದಿನ ಈ ಡಿಸ್ಕು ತಗದಿದ್ರೇನು?”

“ತಗೀದ ಹ್ಯಾಂಗ ಪೂಜಿ ಮಾಡಲಿ? ಇಡೀ ಸೆಂಟರಿನ ಜೀವ ಅದರಾಗ ಐತಿ ಅಂತ ನೀನ ಹೇಳಿದ್ದಿ. ದೀಪಾವಳಿಯಿಂದ ಹಿಡದು ಅಮಾಸಿಗೊಮ್ಮೆ ತಾಟಿನಾಗ ಇಟ್ಟು ವಿಭೂತಿ ಹಚ್ಚಿ ಕಾಯಿ ಒಡೀತೀನಿ.” ಅವರ ಮುಖ ಬಿಗಿಯಿತು. “ಯಾಕ? ಈಗ ನಮ್ಮ ಪೂಜಿಂದ ಕೆಟ್ಟೈತಿ ಅಂತೀಯೇನು ತಂಗಿ? ನೋಡು, ಬೇರೆ ಏನರ ಹೇಳು, ಇದನ್ನ ನಿನ್ನ ಬಾಯಾಗಿಂದ ಕೇಳಾಕ ನಾ ತಯಾರಿಲ್ಲ.”

‘ನಿನ್ನ ಬಾಯಿ’ ಎಂಬ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ನಾಹಿದಾ ಹೊರಗೆ ಹೋಗಿ ಹೊಂಗೆಯ ಗಿಡದ ಕೆಳಗೆ ನಿಂತಳು. ಬ್ಯಾಗು ತಗೊಂಡು ಬಸ್ಸು ಹತ್ತಿಬಿಡಬೇಕು ಅನಿಸಿತಂತೆ. ಕೊರಳಿನ ಗಂಟು ನೆನಪಾಗಿ ಒಳಗೆ ಬಂದಳು.

“ಪೂಜಿ ಕೆಟ್ಟದ್ದು ಅನ್ನಾಕತ್ತಿಲ್ರೀ ಅಣ್ಣಾರ. ಆ ದಿನ ಹ್ಯಾಂಗ ಮಾಡಿದ್ರಿ ಹಂಗ ಇನ್ನೊಮ್ಮೆ ಮಾಡಿ ತೋರಸ್ರಿ. ನಾ ಲಾಗು ಹಚ್ಚಿ ಕೂಡತೀನಿ.”

“ಇವತ್ತ ಅಮಾಸಿ ಅಲ್ಲ!”

“ಐತಿ ಅಂತ ತಿಳಕೋರಿ. ನಮ್ಮ ಖಾಲಾನ ಕೊರಳಿನ ಚಿತ್ರದ ಸಲುವಾಗಿ.”

ಗುರುಬಸವ ಗೊಣಗುತ್ತ ಹೋಗಿ ಕೈಕಾಲು ತೊಳೆದು ಬಂದರು. ಡಿಸ್ಕಿನ ವೈರು ಕಿತ್ತರು, ಒರೆಸಿದರು, ತಾಟಿನಲ್ಲಿ ಇಟ್ಟು ವಿಭೂತಿ ಎಳೆದರು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಪೆನ್‌ಡ್ರೈವೊಂದನ್ನು ತೆಗೆದು ಕಂಪ್ಯೂಟರಿಗೆ ಚುಚ್ಚಿದರು.

“ಅದು ಏನ್ರೀ?”

“ಹಾಡು. ಭಜನಿ ಇಲ್ಲದ ಪೂಜಿ ಮಾಡಾಕ ಇದೇನು ಪೋಲೀಸ್ ಸ್ಟೇಶನ್ನೇನು?”

ಹಾಡು ಶುರುವಾಯಿತು. ಕರ್ಪೂರ ಬೆಳಗಿ, ಡಿಸ್ಕನ್ನು ಕಣ್ಣಿಗೊತ್ತಿಕೊಂಡು ಮತ್ತೆ ಚುಚ್ಚಿದರು. ನಾಹಿದಾ ಬ್ಯಾಕಪ್ಪು ಓಡಿಸಿದಳು. ಲಾಗಿನ ಸಾಲುಗಳು ಇರುವೆಯ ಹಾಗೆ ಹರಿದವು. ದೀಪಾವಳಿಯಂದು ಡಿಸ್ಕು ತಾಟಿನಲ್ಲಿದ್ದಾಗ ಖಾಲಿಯಾದ ‘ಇ’ ಮನೆಗೆ ಹಾಡಿನ ಪೆನ್‌ಡ್ರೈವು ಬಂದು ಕೂತಿತ್ತು. ತಿರುಗಿ ಬಂದ ಡಿಸ್ಕಿಗೆ ಪಕ್ಕದ ಮನೆ. ಚಿತ್ರಗಳು ಹಾಡುಗಳ ನಡುವೆ ಹೋಗಿ ಬೀಳುತ್ತಿದ್ದವು. ಉಳಿದ ದಿನಗಳಲ್ಲಿ ಪೆನ್‌ಡ್ರೈವು ಗುರುಬಸವರ ಜೇಬಿನಲ್ಲಿ, ತಂತ್ರಾಂಶ ಬರಿಗೈಯಲ್ಲಿ. ಅಮಾವಾಸ್ಯೆ ಬಂದಾಗ ಮಾತ್ರ ಬಾಕಿ ಉಳಿದದ್ದನ್ನು ಅದರೊಳಗೆ ಸುರಿಯುತ್ತಿತ್ತು, ಜಾಗ ಇರುವ ತನಕ.

ಗುರುಬಸವರ ಕೈಯಲ್ಲಿ ಕರ್ಪೂರದ ತಟ್ಟೆ ಹಾಗೇ ಉಳಿಯಿತು. “ಅಂದ್ರ ನಮ್ಮ ಭಜನಿ ಜೋಡಿ ಮಂದಿ ಹೊಟ್ಟಿ, ಕೊರಳು, ಎಲ್ಲಾ ನನ್ನ ಕಿಸೇದಾಗ ಅಡ್ಡಾಡಾಕತ್ತಿದ್ವೇನು?”

“ಎಲ್ಲಾ ಅಲ್ರೀ. ಹಿಡಿದಷ್ಟು.”

ಪೆನ್‌ಡ್ರೈವು ಸಂಕ್ರಾಂತಿಯ ಹೊತ್ತಿಗೇ ತುಂಬಿಹೋಗಿತ್ತು. ಆಮೇಲೆ ಬಂದವರ ಚಿತ್ರಗಳು ಎಲ್ಲಿಯೂ ಇಲ್ಲ. ಅವರಲ್ಲಿ ಬಸುರಿಯರಿದ್ದರು, ಮೂತ್ರಪಿಂಡದ ಕಲ್ಲಿನವರಿದ್ದರು. ಅವರಿಗೆಲ್ಲ ಏನು ಹೇಳಬೇಕು ಎಂದು ಗುರುಬಸವ ತಲೆ ಹಿಡಿದು ಕೂತರು. ನಾಹಿದಾ ಹೆಸರುಗಳನ್ನು ಸರಿಸುತ್ತ ಹೋದಳು. ಮಾಸುಂಬಿ, ತುರ್ವಿಹಾಳ. ಇತ್ತು.

ಆ ಚಿತ್ರದೊಂದಿಗೆ ಖಾಲಾನನ್ನು ರಾಯಚೂರಿಗೆ ಕರೆದೊಯ್ದಳು. ವೈದ್ಯರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಅವರು ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ತಿಳಿಯಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕಡಲೆಯಷ್ಟು ಇದ್ದದ್ದು ಅಡಿಕೆಯಷ್ಟಾಗಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸುಂಬಿ ಕಾಲುವೆಯ ನೀರನ್ನು ನೋಡುತ್ತ ಅಂದಳು.

“ಹಳೇ ಚಿತ್ರ ಸಿಗಲಿಲ್ಲ ಅಂತ ನೀ ಹೇಳಿದ್ರ ನಾ ಹಂಗ ಬಳಿ ಮಾರಕೋತ ಇರತಿದ್ನಲ್ಲ.”

“ಸುಳ್ಳ ಹೇಳಬೇಕಿತ್ತೇನು ಖಾಲಾ?”

“ಹೇಳಬೇಕಿತ್ತು ಅಂತ ಎಲ್ಲಿ ಅಂದೆ? ನಿನ್ನ ಯಂತ್ರ ಹೇಳಿದ್ದು ಖರೇನ ಇರಬಹುದು. ಖರೇ ಅಂದ್ರ ಸಂತೋಷ ಆಗಬೇಕಂತ ಎಲ್ಲಿ ಐತಿ?”

ನಾಹಿದಾ ಆ ವಾರ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಲ್ಲ ಕಡೆ ತಾನು ಚುಟುಕು ಮಾಡಿದ್ದ ಲಾಗುಗಳನ್ನು ವಿವರಕ್ಕೆ ತಿರುಗಿಸಿದಳು. ಹಸಿರು ಟಿಕ್ಕು ನಂಬದೆ, ನಕಲಾದದ್ದನ್ನು ಒಂದೊಂದು ಕಡೆಯೂ ತೆರೆದು ಕಣ್ಣಾರೆ ನೋಡಿದಳು. ಇದನ್ನು ಮಾಡಿದ್ದಕ್ಕೆ ಆಕೆಗೆ ನೆಮ್ಮದಿಯೇನೂ ಸಿಗಲಿಲ್ಲ. ‘ಆಮೇಲೆ ಬಂದವರ ಚಿತ್ರ ಹೋದವಲ್ಲ ಕಾಕಾ, ಅವರೊಳಗೂ ಒಬ್ಬರಿಗೆ ಹಿಂಗ ಬೇಕಾಗಿದ್ರ?’ ಎಂದು ನಮ್ಮ ಮನೆಯ ಕಟ್ಟೆಗೆ ಬಂದು ಕೇಳುತ್ತಾಳೆ.

ಮಾಸುಂಬಿಯ ಆಪರೇಷನ್ ಆಗಿ ವಾರ ಕಳೆದಿದೆ. ಗಂಟು ಪೂರ್ತಿ ತೆಗೆದಿದ್ದಾರೆ. ಅದು ಎಂಥದು ಎಂಬ ವರದಿ ಇನ್ನೂ ಬರಬೇಕು. ಧ್ವನಿ ಬಂದಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಕಾಯಿರಿ, ಬಂದರೂ ಬಂದೀತು ಎನ್ನುತ್ತಾರೆ ವೈದ್ಯರು. ನಿನ್ನೆ ನಾನು ನೋಡಲು ದವಾಖಾನೆಗೆ ಹೋದಾಗ ನಾಹಿದಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಒಳಗಿನಿಂದ ಗಾಜಿನ ಬಳೆ ಕಬ್ಬಿಣದ ಮಂಚಕ್ಕೆ ತಾಗಿದ ಸದ್ದು ಬಂತು. ಮಾಸುಂಬಿ ಕರೆಯುತ್ತಿದ್ದಳು. ನಾಹಿದಾ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಒಳಗೆ ಹೋದಳು.