ಬಿಳಿ ಬಟ್ಟೆ ಹಾಸಿದ ಕುರ್ಚಿ

ನಮ್ಮ ಮನೆಯ ಟೀವಿಗೆ ಒಂದು ಉಡುಪಿದೆ ಎಂದರೆ ನೀವು ನಗುತ್ತೀರಿ, ನಗಿ, ಅಡ್ಡಿಯಿಲ್ಲ. ತಮಿಳು ಸೀಮೆಯ ಅನ್ನೂರಿನ ನಮ್ಮ ಓಣಿಯಲ್ಲಿ ಮಗ್ಗವೂ ಟೀವಿಯೂ ಒಂದೇ ಕೋಣೆಯಲ್ಲಿ ಬಾಳಬೇಕಾಗಿರುವುದರಿಂದ, ನೂಲಿನ ನವಿರು ಧೂಳು ತೆರೆಯ ಮೇಲೆ ಕೂರದಿರಲೆಂದು ಹಳೆಯ ಸೀರೆಯೊಂದರ ಸೆರಗಿನಿಂದ ನಾನೇ ಅದಕ್ಕೆ ಮುಸುಕು ಹೊಲಿದಿದ್ದೇನೆ. ವಾರವೆಲ್ಲ ಮುಸುಕಿನೊಳಗೇ ಇರುವ ಆ ಪೆಟ್ಟಿಗೆಗೆ ಭಾನುವಾರ ಮಧ್ಯಾಹ್ನ, ಊಟವಾಗಿ ಎಲ್ಲರೂ ಗೋಡೆಗೆ ಒರಗಿ ಕಾಲು ಚಾಚಿದ ಮೇಲೆ, ಮುಖ ತೋರಿಸಲು ಅಪ್ಪಣೆ ಸಿಗುತ್ತದೆ. ಕಳೆದ ತಿಂಗಳು ಅಂಥದೊಂದು ಭಾನುವಾರ ನೋಡಿದ ಸಿನಿಮಾ ನನ್ನನ್ನು ಇನ್ನೂ ಬಿಟ್ಟಿಲ್ಲ.

ಯಾವುದೋ ದೂರದೇಶದ ಚಿತ್ರ, ತಮಿಳಿನಲ್ಲಿ ಮಾತನಾಡುತ್ತಿತ್ತು. ಬೆಟ್ಟದ ಮೇಲೊಂದು ಪಾಳುಬಿದ್ದ ಅರಮನೆ, ಅಲ್ಲಿ ಒಂಟಿಯಾಗಿ ಬೆಳೆದ ಒಬ್ಬ ಯುವಕ. ಅವನ ಬೆನ್ನಿಗೆ ದೀಪದ ಹುಳುವಿನ ರೆಕ್ಕೆಯಂಥ ಎರಡು ಬೂದುಬಣ್ಣದ ರೆಕ್ಕೆಗಳು. ಅವನ್ನು ಮಡಿಸಿ ಕಪ್ಪು ಕೋಟಿನೊಳಗೆ ಬಚ್ಚಿಟ್ಟುಕೊಂಡು ಅವನು ಕೆಳಗಿನ ಊರಿಗೆ ಇಳಿದು ಬರುತ್ತಾನೆ. ಊರಿನವರು ಕೆಟ್ಟವರಲ್ಲ. ಉಣ್ಣಲು ಕೊಡುತ್ತಾರೆ, ಇರಲು ಜಾಗ ಕೊಡುತ್ತಾರೆ, ಎದುರಿಗೆ ಸಿಕ್ಕಾಗ ಟೋಪಿ ತೆಗೆದು ನಮಸ್ಕರಿಸುತ್ತಾರೆ. ಆದರೆ ರೆಕ್ಕೆಯಿಂದ ಸದಾ ಬೂದಿಯಂಥ ಪುಡಿ ಉದುರುತ್ತದಲ್ಲ, ಅದಕ್ಕೆಂದು ಯಾವ ಮನೆಗೆ ಹೋದರೂ ಅವನು ಕೂರುವ ಮೊದಲು ಕುರ್ಚಿಯ ಮೇಲೆ ಒಂದು ಬಿಳಿ ಬಟ್ಟೆ ಹಾಸುತ್ತಾರೆ. ದೀಪ ಮಾರುವವನ ಮಗಳೊಬ್ಬಳು ಮಾತ್ರ ಹಾಸುವುದಿಲ್ಲ. ಅವಳಿಗೆ ಅವನ ಮೇಲೆ ಪ್ರೀತಿ. ಕೊನೆಗೆ ಯಾರೂ ಅಟ್ಟದೆ, ಯಾರೂ ಹೊಡೆಯದೆ, ಒಂದು ಮುಂಜಾವ ಅವನು ತಾನಾಗಿಯೇ ಬೆಟ್ಟಕ್ಕೆ ಹಿಂತಿರುಗಿಬಿಡುತ್ತಾನೆ.

ಸಿನಿಮಾ ಒಂದೇ ಆದರೂ ನೋಡಿದವರು ಒಂದೊಂದು ಸಿನಿಮಾ ನೋಡಿರುತ್ತಾರೆ ಎಂಬುದು ನನಗೆ ತಿಳಿದದ್ದು ಆಮೇಲೆ. ನಲವತ್ತು ವರ್ಷದಿಂದ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ಕಳೆದ ನನ್ನ ಯಜಮಾನರು ಅವನ ರೆಕ್ಕೆಯನ್ನು ನೋಡಲೇ ಇಲ್ಲ. “ಆ ಕೋಟು ಎಂಥ ನೂಲು ಅಂತ ಕಾಣೆ, ಅಷ್ಟು ಪುಡಿ ಬಿದ್ರೂ ಕಪ್ಪಾಗೇ ಐತೆ,” ಎಂದರು. ಪಕ್ಕದ ಮನೆಯಲ್ಲೇ ಬಾಳುತ್ತಿರುವ ನನ್ನ ನಾದಿನಿ ಸರಸು ಸೆರಗಿನಿಂದ ಮೂಗು ಒರೆಸಿಕೊಂಡು, “ಪಾವಂ ಅತ್ತಿಗೆ, ಆ ಹುಡುಗಿ ಅವನ ಕೂಡ ಹೋಗ್ಬೇಕಾಗಿತ್ತು. ನಾನಾಗಿದ್ರೆ ಹೋಗಿರ್ತಿದ್ದೆ,” ಎಂದಳು. “ಇರು, ನಿನ್ನ ಗಂಡಂಗೆ ಹೇಳ್ತೀನಿ,” ಎಂದು ಯಜಮಾನರು ಅವಳನ್ನು ಕೆಣಕಿದರು. ನನಗೋ ಆ ಊರಿನವರ ಮೇಲೆ ಅಭಿಮಾನ ಉಕ್ಕಿತು. ಬಂದವನಿಗೆ ಎಷ್ಟೊಂದು ಮರ್ಯಾದೆ, ಎಷ್ಟೊಂದು ನಾಜೂಕು. ಇಷ್ಟಾದರೂ ಹೇಳದೆ ಕೇಳದೆ ಹೊರಟುಹೋದನಲ್ಲ ಎಂದು ಅವನ ಮೇಲೆ ನಿಜವಾಗಿಯೂ ಸಿಟ್ಟು ಬಂತು.

ಆ ಸಿಟ್ಟಿಗೆ ಕಾರಣ ಸಿನಿಮಾ ಅಲ್ಲ. ಅದನ್ನು ನಿಮ್ಮಲ್ಲಿ ಮುಚ್ಚಿಡುವುದೇಕೆ? ನನ್ನ ಮಗ ಕುಮಾರ, ಸೊಸೆ ಮಲರ್ ಇಬ್ಬರೂ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದಾರೆ; ದಿನವೂ ಇಲ್ಲಿಂದಲೇ ಬಸ್ಸಿನಲ್ಲಿ ಹೋಗಿಬರುತ್ತಾರೆ. ಅಲ್ಲೇ ಭೇಟಿಯಾಗಿ, ಅಲ್ಲೇ ಮೆಚ್ಚಿಕೊಂಡು, ಮೂರು ವರ್ಷದ ಹಿಂದೆ ಮದುವೆಯಾದವರು. ಅವಳು ವಾಲ್ಪಾರೈಯ ಚಹಾ ತೋಟದ ಸಾಲುಮನೆಗಳಲ್ಲಿ ಬೆಳೆದ ತಮಿಳು ಹುಡುಗಿ. ಇಬ್ಬರೂ ತಿರುಪ್ಪೂರಿನಲ್ಲೇ ಒಂದು ಬಾಡಿಗೆ ಮನೆ ಹಿಡಿಯುವ ಮಾತಾಡುತ್ತಿದ್ದರು; ಆ ಭಾನುವಾರ ಸಂಜೆಯೇ ಮನೆ ನೋಡಲು ಹೋಗುವುದೆಂದು ನಿಶ್ಚಯವಾಗಿತ್ತು. ಅವಿನಾಶಿಯಲ್ಲಿ ಬಸ್ಸು ಬದಲಿಸುವುದು ಕಷ್ಟ ಎಂದು ಕುಮಾರ ಹೇಳುತ್ತಿದ್ದ. ನಾನೂ ಓಣಿಯಲ್ಲಿ ಕೇಳಿದವರಿಗೆ ಬಸ್ಸಿನ ಮೇಲೆಯೇ ತಪ್ಪು ಹೊರಿಸುತ್ತಿದ್ದೆ. ಆದರೆ ಬಸ್ಸು ಮೂರು ವರ್ಷದಿಂದಲೂ ಅದೇ ಬಸ್ಸು. ಈ ಹುಡುಗಿಗೆ ನಾನು ಏನು ಕಡಿಮೆ ಮಾಡಿದೆ ಎಂಬ ಪ್ರಶ್ನೆ ಊಟದ ತಟ್ಟೆಯ ಮುಂದೆಯೂ ನನ್ನನ್ನು ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಮಲರ್ ಒಳಗಿನಿಂದ ಬಂದು ಲೋಟಗಳನ್ನು ಒಟ್ಟುಮಾಡತೊಡಗಿದಳು. ನಿನಗೆ ಸಿನಿಮಾ ಹೇಗನ್ನಿಸಿತಮ್ಮ ಎಂದು ತಮಿಳಿನಲ್ಲಿ ಕೇಳಿದೆ. ಅವಳೂ ತಮಿಳಿನಲ್ಲೇ, ಮೆಲ್ಲಗೆ ಹೇಳಿದಳು: “ಊರಿನವರೆಲ್ಲ ಒಳ್ಳೆಯವರೇ ಅತ್ತೆ. ಆದರೆ ಅಷ್ಟು ದಿನ ಇದ್ದನಲ್ಲ, ನೀನು ಉದುರಿಸಿದ ಪುಡಿ ನೀನೇ ಗುಡಿಸು ಅಂತ ಒಬ್ಬರೂ ಅವನಿಗೆ ಹೇಳಲಿಲ್ಲ. ಹಾಗೆ ಯಾರೂ ಹೇಳದ ಕಡೆ ಅವನು ಎಷ್ಟು ದಿನ ಅಂತ ಇರುತ್ತಾನೆ?”

ನಾನು ಸರಸುವಿನ ಕಡೆ ತಿರುಗಿ, ಸೊಸೆಗೆ ತಿಳಿಯದಿರಲೆಂದು ಕನ್ನಡದಲ್ಲಿ, “ಕೇಳಿದ್ಯಾ ಸರಸು, ಈ ಕಾಲದಲ್ಲಿ ಒಳ್ಳೇದು ಮಾಡಿದ್ರೂ ತಪ್ಪೇ,” ಎಂದೆ. ಮಲರ್ ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು.

ಈಗ ನಮ್ಮ ಮನೆಗಳ ಒಂದು ರೂಢಿಯನ್ನು ನಿಮಗೆ ಹೇಳಬೇಕು. ತಲೆಮಾರುಗಳಿಂದ ಇಲ್ಲಿ ನೆಲೆಸಿದ ನಮ್ಮ ಜನ ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಆಚೆ ತಮಿಳು. ಹೊರಗಿನವರು ಯಾರಾದರೂ ಒಳಗೆ ಬಂದು ಕೂತರೆ, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಕತ್ತರಿಸಿ ತಮಿಳಿಗೆ ಹೊರಳಿಬಿಡುತ್ತೇವೆ. ತಮಗೆ ತಿಳಿಯದ ಭಾಷೆಯಲ್ಲಿ ಏನೋ ಆಡಿಕೊಳ್ಳುತ್ತಾರೆ ಎಂದು ಬಂದವರ ಮನಸ್ಸು ಕಹಿಯಾಗಬಾರದು, ಅಷ್ಟೆ. ಮಲರ್ ಮನೆ ತುಂಬಿದ ದಿನ ನಾವೆಲ್ಲ ಹಾಗೆಯೇ ತಮಿಳಿಗೆ ಹೊರಳಿದೆವು. ಹೊರಳಿದವರು ಮೂರು ವರ್ಷವಾದರೂ ಹಿಂತಿರುಗಿರಲಿಲ್ಲ. ಅವಳು ಕೋಣೆಗೆ ಬಂದರೆ ನಮ್ಮ ಬಾಯಿಗಳೆಲ್ಲ ಒಟ್ಟಿಗೆ ಭಾಷೆ ಬದಲಿಸುತ್ತಿದ್ದವು, ಅವಳು ಹೋದರೆ ಮತ್ತೆ ಕನ್ನಡ; ಅವಳೆದುರು ಕನ್ನಡ ಬರುತ್ತಿದ್ದುದು ಅವಳಿಗೆ ತಿಳಿಯಬಾರದ ಮಾತಿಗೆ ಮಾತ್ರ. ಇದು ನನ್ನ ಹೆಮ್ಮೆಯ ಸಂಗತಿಯಾಗಿತ್ತು.

ನಾನೂ ಹೊರಗಿನವಳಾಗಿಯೇ ಬಂದವಳು. ಕೊಳ್ಳೇಗಾಲದಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಪುಸ್ತಕದ ಕನ್ನಡ ಮಾತಾಡಿಕೊಂಡು ಈ ಮನೆಗೆ ಕಾಲಿಟ್ಟಾಗ, ನನ್ನ ಅತ್ತೆ ದಿನಕ್ಕೆ ಹತ್ತು ಸಲ ಬೈಯುತ್ತಿದ್ದರು. ನೀರು ಸೇದಿದರೆ ಬೈಗುಳ, ಸೇದದಿದ್ದರೆ ಬೈಗುಳ. ಮಗ್ಗದಲ್ಲಿ ಹಳೆಯ ಹಾಸು, ಎಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು ಕೂಡಿಸಬೇಕು. ಅದು ಮನೆಯ ಹೆಂಗಸರ ಕೆಲಸ. ನಾನು ಎಳೆ ತಪ್ಪಿಸಿದಾಗಲೆಲ್ಲ, “ಕೊಳ್ಳೇಗಾಲದ ರಾಣೀನ ಯಾರಮ್ಮ ಇಲ್ಲಿ ಕೂರ್ಸಿದ್ದು,” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ನನಗೆ ಸೊಸೆ ಬಂದರೆ ಒಂದು ದಿನವೂ ಒಂದು ಮಾತೂ ಅನ್ನಲಾರೆ ಎಂದು ಆಗಲೇ ಮನಸ್ಸಿನಲ್ಲಿ ಶಪಥ ಮಾಡಿದ್ದೆ. ಹಾಗೆಯೇ ನಡೆದುಕೊಂಡೆ. ಎಳೆ ಕೂಡಿಸುವಾಗ ಮಲರ್ ಹತ್ತಿರ ಬಂದರೆ, ಬೇಡಮ್ಮ, ಕೈ ನೋಯುತ್ತದೆ, ನೀನು ಹೋಗಿ ಮಲಗು ಎನ್ನುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನಿಂತು ನೋಡಿ ಹೋಗುತ್ತಿದ್ದಳು.

ಆ ದಿನವೂ ಹೊಸ ಹಾಸು ಬಂದಿತ್ತು. ಸಿನಿಮಾ ಮುಗಿದು, ಸರಸು ಮನೆಗೆ ಹೋದ ಮೇಲೆ ನಾನೊಬ್ಬಳೇ ಮಗ್ಗದ ಮುಂದೆ ಕೂತು ಎಳೆ ಕೂಡಿಸತೊಡಗಿದೆ. ಈ ಕೆಲಸದಲ್ಲಿ ಬೆರಳಿಗೆ ಕೆಲಸ, ತಲೆಗೆ ರಜೆ. ಬೇಡದ್ದೆಲ್ಲ ಅಲ್ಲಿಗೆ ಬಂದು ಕೂರುತ್ತದೆ. ನನ್ನ ಅತ್ತೆ ನನ್ನನ್ನು ಯಾವತ್ತೂ ಉಪಚರಿಸಲಿಲ್ಲ, ನಿಜ. ಆದರೆ ಈ ಮನೆ ನನ್ನದು ಹೌದೋ ಅಲ್ಲವೋ ಎಂಬ ಅನುಮಾನ ನನಗೆ ಒಂದು ದಿನವೂ ಬಂದಿರಲಿಲ್ಲ. ಪರರ ಸೊಸೆಯನ್ನು ಯಾರಾದರೂ ಅಷ್ಟು ಬೈಯುತ್ತಾರೆಯೇ? ಮೂರು ವರ್ಷ ನಾನು ಮಲರ್‌ಗೆ ಮಾಡಿದ್ದೆಲ್ಲ ಕುರ್ಚಿಯ ಮೇಲೆ ಬಿಳಿ ಬಟ್ಟೆ ಹಾಸುವ ಕೆಲಸ. ಬೆರಳು ಅಲ್ಲೇ ನಿಂತಿತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

“ಮಲರ್, ಬಾರೇ ಇಲ್ಲಿ,” ಎಂದು ಕೂಗಿದೆ, ಕನ್ನಡದಲ್ಲಿ.

ಅವಳು ಬಂದಳು. ತಲೆ ಬಾಚಿಕೊಂಡು ಹೊರಡುವ ಸಿದ್ಧತೆಯಲ್ಲಿದ್ದಳು. ಕೂತ್ಕೋ, ಎಳೆ ಹಿಡಿ ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿ ಎದುರಿಗೆ ಕೂತಳು. ಬಟ್ಟಲಿನ ಬೂದಿ ಮುಟ್ಟಿ, ಮೂರು ವರ್ಷ ನಿಂತು ನೋಡಿದ್ದಕ್ಕೋ ಏನೋ, ಹತ್ತಿಪ್ಪತ್ತು ಎಳೆ ಚೆನ್ನಾಗಿಯೇ ಕೂಡಿಸಿದಳು. ಆಮೇಲೆ ಒಂದು ಎಳೆ ಬಿಟ್ಟು ಪಕ್ಕದ್ದನ್ನು ಎಳೆದುಕೊಂಡಳು. ಹಾಗೆ ಬಿಟ್ಟರೆ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ. ತಮಿಳಿನಲ್ಲಿ ಪರವಾಗಿಲ್ಲಮ್ಮ ಎನ್ನಲು ನಾಲಿಗೆ ಅಭ್ಯಾಸದಂತೆ ಹೊರಟಿತ್ತು. ಅದನ್ನು ಹಿಡಿದು ನಿಲ್ಲಿಸಿದೆ.

“ಏನೇ ಇದು, ಕಣ್ಣೆಲ್ಲಿ ಇಟ್ಟಿದ್ದೀ? ಒಂದೆಳೆ ನುಂಗ್ಬಿಟ್ಯಲ್ಲ. ಮೂರು ವರ್ಷ ಈ ಮನೇಲಿ ಅನ್ನ ತಿಂದು ಇಷ್ಟೇನಾ ಕಲ್ತಿದ್ದು? ಬಿಚ್ಚು, ಬಿಚ್ಚು, ಮೊದಲಿಂದ ಕೂಡ್ಸು,” ಎಂದು ನನ್ನ ಅತ್ತೆಯ ದನಿಯಲ್ಲೇ ಬೈದೆ. ಅವಳು ಎದ್ದು ಹೋದರೆ ಎಲ್ಲ ಮುಗಿದಂತೆ ಎಂದುಕೊಂಡೆ.

ಅವಳು ಏಳಲಿಲ್ಲ. ತಲೆ ತಗ್ಗಿಸಿ, ಕೂಡಿಸಿದ ಎಳೆಯನ್ನು ಬಿಚ್ಚುತ್ತಾ, ಪುಸ್ತಕದ ಕನ್ನಡವಲ್ಲ, ಈ ಓಣಿಯ ಕನ್ನಡದಲ್ಲಿ, ತಮಿಳಿನ ರಾಗ ಬೆರೆತ ನಮ್ಮ ಮನೆಯ ಕನ್ನಡದಲ್ಲೇ ಹೇಳಿದಳು: “ಕಲ್ಸಿದ್ರೆ ತಾನೇ ಅತ್ತೆ ಕಲಿಯೋದು. ಯಾವಾಗ ಬಂದ್ರೂ ಹೋಗಿ ಮಲಗು ಅಂತೀರಿ. ಆಮೇಲೆ, ಒಳ್ಳೇದು ಮಾಡಿದ್ರೆ ತಪ್ಪು ಅಂತ ನಾನು ಹೇಳ್ಲೇ ಇಲ್ಲ.”

ಮೂರು ವರ್ಷದಲ್ಲಿ ಅವಳಿಗೆ ತಿಳಿಯದಿರಲೆಂದು ಅವಳೆದುರು ಕನ್ನಡದಲ್ಲಿ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾಗಿ, ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು. “ಎದುರುತ್ತರ ಬೇರೆ ಕೊಡ್ತೀಯಾ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ನನ್ನ ಕಣ್ಣು ತುಂಬಿ ಎಳೆಗಳೆಲ್ಲ ಮಸುಕಾದವು. ಅವಳೂ ಮೂಗು ಎಳೆದುಕೊಂಡಳು, ಕೈ ಮಾತ್ರ ನಿಲ್ಲಿಸಲಿಲ್ಲ.

ಆರು ಗಂಟೆಯಾಗುತ್ತಾ ಬಂದಾಗ ಕುಮಾರ ಬಾಗಿಲಲ್ಲಿ ನಿಂತು, ನಾವಿಬ್ಬರೂ ಎದುರುಬದುರು ಕೂತಿರುವುದನ್ನು ಕಂಡು ಬೆರಗಾದ. ಅಭ್ಯಾಸದಂತೆ ತಮಿಳಿನಲ್ಲೇ ಹೆಂಡತಿಯನ್ನು ಕೇಳಿದ, ಮನೆ ನೋಡಲು ಹೊರಡುವುದಿಲ್ಲವೇ, ಬಸ್ಸು ಬರುವ ಹೊತ್ತಾಯಿತಲ್ಲ ಎಂದು.

ಮಲರ್ ತಲೆಯೆತ್ತದೆ, ಬೂದಿಯ ಬೆರಳಿನಲ್ಲಿ ಮುಂದಿನ ಎಳೆಯನ್ನು ಹುಡುಕುತ್ತಾ, “ಹಾಸು ಕೂಡ್ಸಿ ಮುಗೀಲಿ,” ಎಂದಳು. “ಈಗ ಎದ್ರೆ ಅತ್ತೆ ಬೈತಾರೆ.”