ಹೆಳವರ ಪುಸ್ತಕದಲ್ಲಿ ಆಯಿಯ ಹೆಸರು

ಈ ಬೆಳಿಗ್ಗೆ ಚಿಮ್ಮಡದ ನಮ್ಮ ಮನೆಯ ಮುಂದೆ ಗಂಟೆ ಕಟ್ಟಿದ ಬೈಕೊಂದು ಬಂದು ನಿಂತಿತು. ನಗಬೇಡಿ, ಆ ಗಂಟೆ ಹಿಂದೆ ಎತ್ತಿನ ಕೊರಳಲ್ಲಿತ್ತು. ಮನೆತನಗಳ ವಂಶಾವಳಿಯನ್ನು ಬರೆದಿಟ್ಟು, ಕೆಲವು ವರ್ಷಗಳಿಗೊಮ್ಮೆ ಬಂದು ಓದಿಹೇಳಿ, ಜೋಳವನ್ನೋ ಧೋತರವನ್ನೋ ಪಡೆದು ಹೋಗುವ ಹೆಳವರು ಆಗೆಲ್ಲ ಎತ್ತನ್ನೇರಿಯೇ ಬರುತ್ತಿದ್ದರು. ಸದ್ದು ಕೇಳಿದೊಡನೆ ನೆನಪಾದದ್ದು ಮಾತ್ರ ಇಪ್ಪತ್ತೈದು ವರ್ಷಗಳ ಹಿಂದಿನ ನನ್ನದೇ ಭಾಷಣ.

ಆಗ ನಾನು ಜಮಖಂಡಿಯ ಕಾಲೇಜಿನಲ್ಲಿ ಸಮಾನತೆಯನ್ನು ಕಲಿತು ಮರಳಿದವಳು. ಅನ್ಯಾಯಗಳಿಗೆಂದೇ ಒಂದು ನೋಟುಬುಕ್ಕು ಇಟ್ಟಿದ್ದೆ: ಗಂಡಸರು ಉಂಡ ಮೇಲೆ ಹೆಂಗಸರ ಊಟ, ಬಾಲ್ಯವಿವಾಹ, ಹೆಣ್ಣಾಳಿಗೆ ಕಡಿಮೆ ಕೂಲಿ, ಚಹಾದಂಗಡಿಯಲ್ಲಿ ಕೆಲವರಿಗೆ ಬೇರೆಯೇ ಲೋಟ. ಇವು ಅನ್ಯಾಯಗಳೆಂದು ಇಂದಿಗೂ ಹೇಳುತ್ತೇನೆ. ಆದರೆ ಊಟದ ನಡುವೆಯೇ ಓದಿಹೇಳುತ್ತಿದ್ದುದರಿಂದ ಮನೆಯವರು ಬೇಗ ಉಂಡೇಳುವುದನ್ನು ರೂಢಿಸಿಕೊಂಡಿದ್ದರು.

ಅಂದು ಕಟ್ಟೆಯ ಮೇಲೆ ಕುಳಿತ ಹೆಳವರ ಅಜ್ಜ ನಮ್ಮ ಏಳು ತಲೆಮಾರುಗಳನ್ನು ಓದಿದರು. ಮೂಲಪುರುಷ ಅನಗವಾಡಿಯಿಂದ ಎಮ್ಮೆಯೊಂದನ್ನು ಹೊಡೆದುಕೊಂಡು ಬಂದವನಂತೆ. ಆ ಎಮ್ಮೆಯ ಹಣೆಯ ಬಿಳಿ ಚುಕ್ಕೆಯೂ ದಾಖಲಾಗಿತ್ತು. ಅವನ ಹೆಂಡತಿಯ ಹೆಸರಿರಲಿಲ್ಲ.

"ಇಷ್ಟೂ ಗಂಡಸರನ್ನ ಆ ಎಮ್ಮಿ ಹಡೀತೇನ್ರಿ ಅಜ್ಜಾರ?" ಎಂದು ಗುಡುಗಿದೆ. ಮುಂದೆ ಭಾಷಣ.

ಅಜ್ಜ ಸಿಟ್ಟಾಗಲಿಲ್ಲ. ಪೆನ್ನು ತೆರೆದರು. "ಖರೆ ಐತಿ ತಂಗಿ. ಈಗ ಬರೀತೇನಿ. ನಿಮ್ಮ ಆಯಿದಿಂದ ಸುರು ಮಾಡೂಣು. ಹೆಸರ ಹೇಳು."

"ಗಂಗವ್ವ."

"ಅದು ಮದಿವ್ಯಾಗ ಗಂಡನ ಮನಿಯವ್ರು ಇಟ್ಟಿದ್ದು. ತವರಮನಿ ಹೆಸರು?"

ಲೋಕದ ಅನ್ಯಾಯಗಳ ಹೆಸರೆಲ್ಲ ಬಾಯಿಪಾಠವಿದ್ದ ನನಗೆ, ತಲೆ ಬಾಚಿ ಬೆಳೆಸಿದ ಆಯಿಯ, ಅಂದರೆ ಅಪ್ಪನ ತಾಯಿಯ, ತವರಿನ ಹೆಸರು ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿದೆ. ಹೆತ್ತ ಮಗನಿಗೂ ಗೊತ್ತಿರಲಿಲ್ಲ.

"ಹೆಸರಿನಾಕಿ ಇಲ್ಲೇ ನಿಂತಾಳಲ್ಲ, ಆಕಿನ್ನ ಕೇಳ್ರಿ!" ಮೊರದಲ್ಲಿ ಜೋಳ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಯಿಯ ಮಾತು. "ಚಂಪವ್ವ" ಎಂದಳು. ಮದುವೆಯಾದಾಗಿನಿಂದ ಈ ಮನೆಯಲ್ಲಿ ಯಾರೂ ಕರೆಯದ ಹೆಸರು. ಹೇಳಿದ ಮೇಲೆ ಹೊಸ ಮದುಮಗಳ ಹಾಗೆ ನಾಚಿದಳು. ಪುಸ್ತಕದೊಳಗೆ ಇಣುಕಿ, "ದೊಡ್ಡದಾಗಿ ಬರಿಯಪಾ. ಇಕಿ ಭಾಷಣ ಮುಗಿಯೂದ್ರಾಗ ನಾ ಸತ್ತs ಹೋಗ್ತಿದ್ನಿ" ಎಂದಳು.

ಆಯಿ ಈಗಿಲ್ಲ. ಇಂದು ಬೈಕಿನಿಂದಿಳಿದವರು ಆ ಅಜ್ಜನ ಮಗ. ಹಳೆಯದನ್ನೆಲ್ಲ ಓದಿ ಮುಗಿಸಿ, ನನ್ನ ತಮ್ಮನ ಪುಟ ತೆರೆದು ಪೆನ್ನು ಹಿಡಿದರು. ಭಾಷಣವೊಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿಗೆ, "ನಿನ್ನ ಹೆಸರ ನೀನs ಹೇಳವಾ" ಎಂದೆ ಅಷ್ಟೆ.

ಬೀಳಗಿ ತವರಿನ ಆ ಹುಡುಗಿ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಬಂದು, ಪುಸ್ತಕದ ಎದುರಿಗೇ ಕುಳಿತಳು.

"ಬರಕೋರಿ," ಎಂದಳು, "ಮೊದಲ ನಮ್ಮವ್ವಂದು."